ಅಂತೂ ಪಾಸಾದೆ, ಬುಧವಾರದ ಅವ್ವಂದಿರಿಗೆ ವಂದನೆ

ದೇವಶಾಸ್ತ್ರದ ಪದವಿ ಅಂತೂ ಕೈಗೆ ಬಂತು. ಕರ್ತನಿಗೆ ಸ್ತೋತ್ರ. ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ಕೋರ್ಸ್ ಇದು. ಹಗಲು ಪುಣೆ ಹತ್ತಿರದ ಚಾಕಣದ ಕಂಪನಿಯಲ್ಲಿ ಕ್ವಾಲಿಟಿ ಚೆಕಿಂಗ್, ರಾತ್ರಿ ಗ್ರೀಕ್ ವ್ಯಾಕರಣ (ಬೈಬಲಿನ ಹೊಸ ಒಡಂಬಡಿಕೆಯ ಮೂಲ ಭಾಷೆ ಅದು). ಫೋನ್ ಮಾಡಿದವರಿಗೆಲ್ಲ ಥ್ಯಾಂಕ್ಸ್ ಅಂದು ಮುಗಿಸಿದ್ದೆ, ಯಾಕೋ ಸಮಾಧಾನ ಆಗಲಿಲ್ಲ, ಅದಕ್ಕೇ ಇಷ್ಟುದ್ದ ಬರೀತಿದ್ದೇನೆ.

ಪರೀಕ್ಷೆ ಬಂದಾಗೆಲ್ಲ ಶಿಫ್ಟ್ ಬದಲಿಸಿಕೊಂಡ ಗೆಳೆಯರಿಗೆ ವಂದನೆ. ಅಡುಗೆಮನೆ ಕಟ್ಟೆಯ ಅರ್ಧ ಜಾಗವನ್ನು ನನ್ನ ಪುಸ್ತಕಗಳಿಗೆ ಬಿಟ್ಟುಕೊಟ್ಟು, ತಿಂಗಳುಗಟ್ಟಲೆ ಒಂದು ಮಾತೂ ಆಡದ ನನ್ನ ಹೆಂಡತಿಗೆ (ಆಮೇಲೆ ಆಡಿದಳು, ಅದು ಬೇರೆ ವಿಷಯ) ಇನ್ನೂ ಜಾಸ್ತಿ ವಂದನೆ. ನನ್ನ ಪ್ರಬಂಧಗಳ ಅಂಚಿನಲ್ಲಿ ಕೆಂಪು ಪೆನ್ನಲ್ಲಿ "ಸರಿ, ಇದನ್ನು ಯಾರಿಗೆ ಹೇಳ್ತೀರಿ?" ಅಂತ ಬರೆಯುತ್ತಿದ್ದ ಮೇಷ್ಟ್ರಿಗೂ.

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು. ಪಿಂಪರಿಯಲ್ಲಿ ಬುಧವಾರ ಸಂಜೆ ನಡೆಯುವ ಕನ್ನಡ ಪ್ರಾರ್ಥನಾ ಕೂಟದ ಅವ್ವಂದಿರಿಗೆ. ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಅಂತ ಪುಣೆಗೆ ಬಂದವರು, ಈಗ ಕೆಲವರು ಮನೆಗೆಲಸಕ್ಕೆ ಹೋಗುತ್ತಾರೆ, ಕೆಲವರು ತರಕಾರಿ ಮಾರುತ್ತಾರೆ. ಜಾಸ್ತಿ ಜನಕ್ಕೆ ಓದು ಬಾರದು. ಕೀರ್ತನೆಗಳು ಮಾತ್ರ ಬಾಯಿಪಾಠ.

ಒಂದು ಸಂಜೆ ಬೈಬಲಿನಲ್ಲಿರುವ, ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ ಪಾಠ. ನಂಬಿಕೆಯಿಂದ ದೇವರು ನಮ್ಮನ್ನು ನೀತಿವಂತರೆಂದು ನಿರ್ಣಯಿಸುತ್ತಾನೆ ಅನ್ನುವ ಮಾತು. ನಾನು ವಿವರಿಸುತ್ತಾ ಹೋದೆ. ಮುಂದೆ ಒಬ್ಬ ಅವ್ವ ಮರುದಿನದ ಮಾರಾಟಕ್ಕೆ ಮೆಂತ್ಯ ಸೊಪ್ಪು ಸೂಡು ಕಟ್ಟುತ್ತಾ ಕೂತಿದ್ದರು. ಕೈ ನಿಲ್ಲಿಸದೇ ಕೇಳಿದರು, "ತಮ್ಮಾ, ಇದು ಕೇಸ್ ಖುಲಾಸೆ ಆದಂಗೋ, ಜಾಮೀನು ಸಿಕ್ಕಂಗೋ?"

ಖುಲಾಸೆ ಅವ್ವಾ, ಪೂರಾ ಖುಲಾಸೆ ಅಂದೆ.

"ಹಂಗಾರ ಇನ್ನ ತಾರೀಖಿಗೆ ಹೋಗೂ ಕೆಲಸಿಲ್ಲ" ಅಂದರು, ಮುಂದಿನ ಸೂಡಿಗೆ ಕೈ ಹಾಕಿದರು. ಅಷ್ಟೇ. ಆ ಅವ್ವನ ಮನೆಯಲ್ಲಿ ಕೋರ್ಟ್ ತಾರೀಖು ಅಂದರೆ ಏನು ಅಂತ ಕೂಟದವರಿಗೆಲ್ಲ ಗೊತ್ತು. ಪರೀಕ್ಷೆಯಲ್ಲೂ ಇದೇ ವಿಷಯ ಬಂತು, ಪುಟಗಟ್ಟಲೆ ಬರೆದೆ, ಒಳ್ಳೆ ಮಾರ್ಕ್ಸೂ ಬಂತು, ಆದರೆ ಇಷ್ಟು ನೇರವಾದ ಪ್ರಶ್ನೆ ಪತ್ರಿಕೆಯಲ್ಲಿ ಇರಲಿಲ್ಲ.

ಇದನ್ನು ಹೇಳಿದರೆ ಕೆಲವರು ತಕ್ಷಣ, ನೋಡಿ, ಅದಕ್ಕೇ ಓದು ಬೇಡ, ನಂಬಿಕೆ ಇದ್ದರೆ ಸಾಕು ಅಂತಾರೆ. ನಾನು ಒಪ್ಪುವುದಿಲ್ಲ. ಅವ್ವ ಸುಮ್ನೆ ತಲೆ ಅಲ್ಲಾಡಿಸಲಿಲ್ಲ, ಕೇಳಿದರು. ಮತ್ತಾಯನ ಸುವಾರ್ತೆಯ 11ನೇ ಅಧ್ಯಾಯದಲ್ಲಿ ಯೇಸು, ಜ್ಞಾನಿಗಳಿಗೆ ಮರೆಮಾಡಿದ್ದನ್ನು ಬಾಲಕರಿಗೆ ತಿಳಿಸಿದೆ ಅಂತ ತಂದೆಯನ್ನು ಕೊಂಡಾಡುತ್ತಾನಲ್ಲ, ಬಾಲಕರಷ್ಟು ಪ್ರಶ್ನೆ ಕೇಳುವವರು ಯಾರಿದ್ದಾರೆ? ಲೋಕದ ಜ್ಞಾನ ದೇವರ ಮುಂದೆ ಹುಚ್ಚುತನ ಅಂತ ಕೊರಿಂಥದವರಿಗೆ ಬರೆದ ಪೌಲ, ಯೆಹೂದ್ಯರ ದೊಡ್ಡ ಧರ್ಮಗುರು ಗಮಲಿಯೇಲನ ಪಾದದ ಬಳಿ ಕಲಿತವನು. ಸೆರೆಯಿಂದ ಶಿಷ್ಯ ತಿಮೊಥೆಯನಿಗೆ ಬರೆಯುವಾಗಲೂ, ತ್ರೋವ ಪಟ್ಟಣದಲ್ಲಿ ಬಿಟ್ಟ ಮೇಲಂಗಿ ತಾ, ಪುಸ್ತಕಗಳನ್ನೂ ತಾ ಅನ್ನುತ್ತಾನೆ. ಓದಿದ್ದನ್ನು ತೋರಿಸಿ ಪಕ್ಕದವನ ಬಾಯಿ ಮುಚ್ಚಿಸುವುದು ಅಹಂಕಾರ, ಸರಿ. "ನಾನು ಏನೂ ಓದಿಲ್ಲಪ್ಪಾ" ಅಂತ ಎದೆ ಉಬ್ಬಿಸುವುದೂ ಅಹಂಕಾರವೇ ಅಲ್ವಾ?

ದೌಂಡ್ ಕಡೆಯ ಗಾಡಿಯಲ್ಲಿ ನನ್ನನ್ನು ಕೇಡಗಾಂವ್‌ಗೆ ಕರೆದುಕೊಂಡು ಹೋದ ಯುವಕರಿಗೂ ವಂದನೆ. ಅಲ್ಲಿ ಮುಕ್ತಿ ಮಿಷನ್ ಅನ್ನುವ ಹೆಣ್ಣುಮಕ್ಕಳ ಆಶ್ರಯ ಕಟ್ಟಿದ ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಘಟ್ಟದ ಗಂಗಾಮೂಲದಲ್ಲಿ. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಅವರ ಸಂಸ್ಕೃತ ಕೇಳಿ ಪಂಡಿತಾ, ಸರಸ್ವತಿ ಅಂತ ಬಿರುದು ಕೊಟ್ಟರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಆಮೇಲೆ ಬರಗಾಲದಲ್ಲಿ ಹಸಿದು ಬಂದ ಹೆಣ್ಣುಮಕ್ಕಳನ್ನು ಕೇಡಗಾಂವ್‌ನಲ್ಲಿ ಸಾಕಿದರು. ಆಗಿನ ಮರಾಠಿ ಬೈಬಲ್ ಈ ಹುಡುಗಿಯರಿಗೆ ಕಷ್ಟ ಅನ್ನಿಸಿತು. ಅದಕ್ಕೆ ಅಂತಲೇ ಹೀಬ್ರೂ, ಗ್ರೀಕ್ ಕಲಿತು, ಇಡೀ ಬೈಬಲನ್ನು ಸುಲಭದ ಮರಾಠಿಗೆ ತಂದರು. ಅಚ್ಚುಮೊಳೆ ಜೋಡಿಸಿದ್ದು ಮುಕ್ತಿಯ ಹೆಣ್ಣುಮಕ್ಕಳೇ. 1922ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಅದೇ ಕೆಲಸ. ಗ್ರೀಕ್ ಯಾಕೆ ಕಲಿಯಬೇಕು ಅಂತ ಬೇಜಾರಾದಾಗೆಲ್ಲ ನನಗೆ ನೆನಪಾಗುತ್ತಿದ್ದುದು ಇದು.

ಇನ್ನು ಪಾಸ್ಟರ್ ಆಗ್ತೀರಾ ಅಂತ ತುಂಬಾ ಜನ ಕೇಳಿದ್ದೀರಿ. ಇಲ್ಲ, ಚಾಕಣದ ಕೆಲಸ ಬಿಡುವುದಿಲ್ಲ. ಬುಧವಾರದವರು ಆಗಲೇ ಮುಂದಿನ ಪಾಠ ಗೊತ್ತು ಮಾಡಿದ್ದಾರೆ, ಬೈಬಲಿನ ಯೋಬನ ಪುಸ್ತಕ ಪೂರ್ತಿ ಹೇಳಬೇಕಂತೆ, ನಡುವೆ ಯೋಬನ ಗೆಳೆಯರ ಉದ್ದುದ್ದ ಭಾಷಣ ಬಂತು ಅಂತ ಹಾರಿಸಬಾರದಂತೆ. ನನ್ನ ಪುಸ್ತಕ ಬೇಕಾದವರು ಬಂದು ತೆಗೆದುಕೊಂಡು ಹೋಗಿ, ಕಟ್ಟೆ ಖಾಲಿ ಆಗಬೇಕಿದೆ. ಗ್ರೀಕ್ ನಿಘಂಟು ಮಾತ್ರ ಕೊಡುವುದಿಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಕಡೆಯಿಂದ ಉಪ್ಪಿಟ್ಟು, ಚಹಾ ಇದೆ, ಎಲ್ಲರೂ ಬನ್ನಿ.