ಪಾದದ ನಾಡಿಯನ್ನೂ ಮುಟ್ಟಿ ನೋಡಲಿ

ಮಾನ್ಯ ಸಂಪಾದಕರೇ,

2025ರ ಜೂನ್–ಜುಲೈನಲ್ಲಿ ನಮ್ಮ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಪತ್ರಿಕೆಗಳಲ್ಲಿ ದಿನವೂ ಬರುತ್ತಿದ್ದಾಗ, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಹೃದಯ ತಪಾಸಣೆಗೆಂದು ಜನ ಬೆಳಗಿನ ಜಾವದಿಂದಲೇ ಸಾಲುಗಟ್ಟಿ ನಿಂತಿದ್ದನ್ನು ಓದುಗರು ಮರೆತಿರಲಾರರು. ಅಷ್ಟೆಲ್ಲ ಗಾಬರಿಯ ನಡುವೆ ಕಾಲಿನ ಮಾತು ಮಾತ್ರ ಎಲ್ಲೂ ಬರಲಿಲ್ಲ. ಹೃದಯದ ರಕ್ತನಾಳದಲ್ಲಿ ಕೊಬ್ಬು ಕಟ್ಟುವ ಕಾಯಿಲೆಯೇ ಕಿಬ್ಬೊಟ್ಟೆಯ ಮತ್ತು ಕಾಲುಗಳ ಅಪಧಮನಿಗಳನ್ನೂ ಕಿರಿದಾಗಿಸುತ್ತದೆ. ಹಾಗೆ ಕಾಲಿನಲ್ಲಿ ಈ ಕಾಯಿಲೆ ಕಾಣಿಸಿಕೊಂಡವರಿಗೆ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಉಳಿದವರಿಗಿಂತ ಹೆಚ್ಚು. ಆದ್ದರಿಂದ ನನ್ನ ಅನುಭವವನ್ನು ನಾಲ್ಕು ಜನರ ಗಮನಕ್ಕೆ ತರಬೇಕೆನಿಸಿತು.

ನಾನು ಅರಸೀಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ 63 ವರ್ಷದ ನಿವೃತ್ತ ಪ್ರೌಢಶಾಲಾ ಶಿಕ್ಷಕ. ಬೆಳಿಗ್ಗೆ ಹಾಲಿನ ಕ್ಯಾನ್ ಹಿಡಿದು ಡೇರಿಗೆ ಹೊರಟರೆ, ಹಿಟ್ಟಿನ ಗಿರಣಿಯ ಹತ್ತಿರ ಬರುವಷ್ಟರಲ್ಲಿ ಬಲಗಡೆಯ ಪಿರ್ರೆಯಿಂದ ತೊಡೆಯವರೆಗೆ ಹಗ್ಗ ಹಾಕಿ ಬಿಗಿದಂತೆ ನೋವು ಹಿಡಿದುಕೊಳ್ಳುತ್ತಿತ್ತು. ಎರಡು ಮೂರು ನಿಮಿಷ ಸುಮ್ಮನೆ ನಿಂತರೆ ಬಿಡುತ್ತಿತ್ತು. ಅಷ್ಟೇ ದೂರ ನಡೆದರೆ ಮತ್ತೆ ಬರುತ್ತಿತ್ತು. ದಿನವೂ ಅದೇ ಜಾಗದಲ್ಲಿ ನಿಲ್ಲಲು ನಾಚಿಕೆಯಾಗಿ, ಕರೆ ಬಂದವನಂತೆ ಜೇಬಿನಿಂದ ಮೊಬೈಲ್ ತೆಗೆದು ಕಿವಿಗಿಟ್ಟುಕೊಳ್ಳುತ್ತಿದ್ದೆ. 'ಮೇಷ್ಟ್ರಿಗೆ ಇಲ್ಲಿಗೆ ಬಂದ ತಕ್ಷಣ ಫೋನು' ಎಂದು ಗಿರಣಿಯವನು ನಗುತ್ತಿದ್ದ.

ಎರಡು ವರ್ಷ ಇದಕ್ಕೆ ಸಯಾಟಿಕಾ, ಅಂದರೆ ಸೊಂಟದಲ್ಲಿ ನರ ಒತ್ತಿ ಕಾಲಿಗೆ ಇಳಿಯುವ ನೋವು ಎಂದೇ ಚಿಕಿತ್ಸೆ ನಡೆಯಿತು. ಎಂಆರ್‌ಐ ಸ್ಕ್ಯಾನಿನಲ್ಲಿ ಡಿಸ್ಕ್ ಸ್ವಲ್ಪ ಉಬ್ಬಿದ್ದು ಕಂಡಿತು. ಈ ವಯಸ್ಸಿನಲ್ಲಿ ಯಾವ ನೋವೂ ಇಲ್ಲದ ಎಷ್ಟೋ ಜನರಿಗೂ ಅದು ಕಾಣುತ್ತದೆ ಎಂದು ಆಗ ನನಗೆ ತಿಳಿದಿರಲಿಲ್ಲ. ಸೊಂಟಕ್ಕೆ ಬೆಲ್ಟು, ಬೆನ್ನಿಗೆ ಇಂಜೆಕ್ಷನ್, ನೆಂಟರು ಕೊಟ್ಟ ಎಣ್ಣೆ ಎಲ್ಲವೂ ಆಯಿತು. ಚಪ್ಪಲಿ ಬಿಚ್ಚಿಸಿ ಪಾದ ಮುಟ್ಟಿದವರು ಮಾತ್ರ ಒಬ್ಬರೂ ಇಲ್ಲ. ಕೊನೆಗೆ ಬೇರೊಂದು ಊರಿನ ಯುವ ವೈದ್ಯೆಯೊಬ್ಬರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: 'ನೋವು ಹೋಗೋದಕ್ಕೆ ನಿಂತರೆ ಸಾಕಾ ಸರ್, ಇಲ್ಲ ಕೂತು ಮುಂದಕ್ಕೆ ಬಗ್ಗಬೇಕಾ?' ಬೆನ್ನುಹುರಿಯ ದಾರಿ ಕಿರಿದಾಗಿ ಬರುವ ನೋವು ಸಾಮಾನ್ಯವಾಗಿ ಕೂತರೆ ಅಥವಾ ಬಗ್ಗಿದರೆ ತಗ್ಗುತ್ತದೆ. ರಕ್ತ ಸಾಲದೆ ಬರುವ ನೋವಿಗೆ ನಿಂತರೂ ಸಾಕು. ನಂತರ ಅವರು ತೊಡೆಸಂದು, ಮಂಡಿಯ ಹಿಂಭಾಗ, ಕಣಕಾಲಿನ ಒಳಗಂಟಿನ ಹಿಂದೆ, ಪಾದದ ಮೇಲೆ ಹೀಗೆ ನಾಲ್ಕು ಕಡೆ ಬೆರಳಿಟ್ಟು ಎರಡೂ ಕಾಲುಗಳ ನಾಡಿಯನ್ನು ಹೋಲಿಸಿದರು. ಬಲತೊಡೆಯ ಸಂದಿನಲ್ಲೇ ಮಿಡಿತ ತೀರ ಕ್ಷೀಣವಾಗಿತ್ತು.

ಹೃದಯದಿಂದ ಇಳಿದುಬರುವ ಮಹಾಪಧಮನಿ ಹೊಕ್ಕುಳಿನ ಆಸುಪಾಸಿನಲ್ಲಿ ಎರಡಾಗಿ ಕವಲೊಡೆದು, ಕಿಬ್ಬೊಟ್ಟೆಯನ್ನು ಹಾದು ಒಂದೊಂದು ಕಾಲಿಗೆ ಒಂದೊಂದರಂತೆ ಹೋಗುತ್ತದೆ. ನಾಲೆಯ ಮೇಲ್ಭಾಗದಲ್ಲೇ ಹೂಳು ತುಂಬಿದರೆ ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲ ಎಂಬುದು ರೈತರಿಗೆ ಗೊತ್ತೇ ಇದೆ. ಕೂತಾಗ ಸಾಕಾಗುವ ರಕ್ತ, ನಡೆಯುವಾಗ ಸ್ನಾಯು ಹಲವು ಪಟ್ಟು ಕೇಳಿದಾಗ ಸಾಲದೆ ನೋವು ಹುಟ್ಟುತ್ತದೆ. ಅಡಚಣೆ ಕಿಬ್ಬೊಟ್ಟೆಯ ನಾಳದಲ್ಲಿದ್ದರೆ ನೋವು ಪಿರ್ರೆ, ತೊಡೆಗಳಲ್ಲಿ ಬರುತ್ತದೆ, ತೊಡೆಯ ನಾಳದಲ್ಲಿದ್ದರೆ ಹೆಚ್ಚಾಗಿ ಮೀನಖಂಡದಲ್ಲಿ. ಬರೆಯಲು ಸಂಕೋಚವಾದರೂ ಇನ್ನೊಂದು ಮಾತನ್ನು ಬರೆಯಲೇಬೇಕು: ಮಹಾಪಧಮನಿ ಕವಲೊಡೆಯುವಲ್ಲೇ ಕಟ್ಟಿಕೊಂಡರೆ ಗಂಡಸರಿಗೆ ಲೈಂಗಿಕ ಶಕ್ತಿಯೂ ಕುಗ್ಗುತ್ತದೆ. ಫ್ರಾನ್ಸಿನ ಶಸ್ತ್ರವೈದ್ಯ ರೆನೆ ಲೆರಿಶ್ 1940ರಲ್ಲೇ ಇದನ್ನು ವಿವರಿಸಿದ್ದರು. ನಮ್ಮಲ್ಲಿ ಅದನ್ನು ವೈದ್ಯರೂ ಕೇಳುವುದಿಲ್ಲ, ರೋಗಿಯೂ ಹೇಳುವುದಿಲ್ಲ.

ರೋಗವನ್ನು ಖಚಿತಪಡಿಸಿದ ಪರೀಕ್ಷೆಗೆ ಸೂಜಿಯೂ ಬೇಕಾಗಲಿಲ್ಲ. ಬಿ.ಪಿ. ಪಟ್ಟಿಯನ್ನು ತೋಳಿಗೂ ಕಣಕಾಲಿಗೂ ಕಟ್ಟಿ, ಅಂಗೈಯಗಲದ ಡಾಪ್ಲರ್ ಯಂತ್ರದಿಂದ ರಕ್ತದ ಸದ್ದು ಕೇಳುತ್ತಾ ಎರಡು ಕಡೆಯ ಒತ್ತಡವನ್ನು ಅಳೆದು, ಕಣಕಾಲಿನದನ್ನು ತೋಳಿನದರಿಂದ ಭಾಗಿಸುತ್ತಾರೆ. ಭಾಗಲಬ್ಧ 0.90 ಅಥವಾ ಅದಕ್ಕಿಂತ ಕಡಿಮೆಯಾದರೆ ನಾಳ ಕಿರಿದಾಗಿದೆ ಎಂದು ಅರ್ಥ. ನನ್ನ ತೋಳಿನಲ್ಲಿ 150, ಬಲ ಕಣಕಾಲಿನಲ್ಲಿ 84, ಅಂದರೆ 0.56. ಬಹುಕಾಲದ ಸಕ್ಕರೆ ಕಾಯಿಲೆಯವರಲ್ಲಿ ನಾಳಗಳು ಗಡಸಾಗಿ ಈ ಲೆಕ್ಕ ಹುಸಿಯಾಗಿ ಹೆಚ್ಚು ಬರಬಹುದಾದ್ದರಿಂದ, ಅವರಿಗೆ ಕಾಲ್ಬೆರಳಿನ ಒತ್ತಡವನ್ನು ನೋಡಬೇಕಾಗುತ್ತದೆ.

ತಕ್ಷಣ ಸ್ಟೆಂಟ್ ಹಾಕುತ್ತಾರೆಂದು ಹೆದರಿದ್ದೆ. ವೈದ್ಯೆ ಬರೆದುಕೊಟ್ಟದ್ದು ಆಸ್ಪಿರಿನ್, ಕೊಲೆಸ್ಟ್ರಾಲಿಗೆ ಸ್ಟ್ಯಾಟಿನ್, ಬಿ.ಪಿ. ಮಾತ್ರೆ ಮತ್ತು ನಡಿಗೆ. ಮೂವತ್ತು ವರ್ಷ ಸೇದಿದ ಬೀಡಿಯನ್ನು ಅಂದೇ ಬಿಡಬೇಕೆಂಬುದು ಅವರ ಷರತ್ತು. ಔಷಧಿಗಿಂತ ಕಷ್ಟವಾದದ್ದು ಅದೇ. ನಡಿಗೆಗೂ ಕ್ರಮವಿದೆ. ನೋವು ಸಾಕಷ್ಟು ಬರುವವರೆಗೆ ನಡೆದು, ನಿಂತು, ಅದು ಪೂರ್ತಿ ಇಳಿದ ಮೇಲೆ ಮತ್ತೆ ಹೊರಡಬೇಕು. ಹೀಗೆ 30ರಿಂದ 45 ನಿಮಿಷದಂತೆ ವಾರಕ್ಕೆ ಮೂರು ದಿನವಾದರೂ, ಕನಿಷ್ಠ 12 ವಾರ. ಕಾಲಿನಲ್ಲಿ ಹುಣ್ಣಿರುವವರು, ಎದೆನೋವಿರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಮೂರು ತಿಂಗಳಾದ ಮೇಲೆ ಒಂದು ದಿನ ಡೇರಿ ತಲುಪಿ ಹಾಲು ಅಳೆಸುವಾಗ, ಗಿರಣಿಯ ಹತ್ತಿರ ನಿಂತೇ ಇಲ್ಲವಲ್ಲ ಎಂದು ನೆನಪಾಯಿತು. ಇಷ್ಟಕ್ಕೂ ಬಗ್ಗದಿದ್ದರೆ ಬಲೂನು, ಸ್ಟೆಂಟು, ಬೈಪಾಸ್ ಇದ್ದೇ ಇವೆ. ಕಿಬ್ಬೊಟ್ಟೆಯ ನಾಳಗಳಲ್ಲಿ ಸ್ಟೆಂಟ್ ಚೆನ್ನಾಗಿಯೇ ಬಾಳುತ್ತದೆ. ಅಂದಹಾಗೆ, ನಾವೆಲ್ಲ ಹೃದಯದ ಚಿಕಿತ್ಸೆ ಎಂದುಕೊಂಡಿರುವ ಆಂಜಿಯೋಪ್ಲಾಸ್ಟಿ, ಅಂದರೆ ಕಿರಿದಾದ ನಾಳವನ್ನು ಒಳಗಿನಿಂದಲೇ ಹಿಗ್ಗಿಸುವ ಚಿಕಿತ್ಸೆ, ಶುರುವಾದದ್ದೇ ಕಾಲಿನಲ್ಲಿ. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಚಾರ್ಲ್ಸ್ ಡಾಟರ್ ಎಂಬ ವೈದ್ಯರು 1964ರ ಜನವರಿ 16ರಂದು, ಕಾಲು ಕತ್ತರಿಸಲು ಒಪ್ಪದ 82 ವರ್ಷದ ವೃದ್ಧೆಗೆ ಅದನ್ನು ಮೊದಲು ಮಾಡಿದರು.

ಎಲ್ಲರಿಗೂ ನನ್ನಷ್ಟು ಕಾಲಾವಕಾಶ ಇರುವುದಿಲ್ಲ. ರಾತ್ರಿ ಮಲಗಿದಾಗ ಪಾದ ಉರಿದು, ಮಂಚದಿಂದ ಕಾಲು ಇಳಿಬಿಟ್ಟರೆ ಹಾಯೆನಿಸುವುದು, ಬೆರಳು ಕಪ್ಪಾಗುವುದು, ಎರಡು ವಾರವಾದರೂ ಗಾಯ ಮಾಯದಿರುವುದು ಇವು ಕಾಲಿಗೇ ಕುತ್ತು ಬಂದ ಲಕ್ಷಣಗಳು. ಇದ್ದಕ್ಕಿದ್ದಂತೆ ಕಾಲು ಬಿಳಿಚಿಕೊಂಡು ತಣ್ಣಗಾಗಿ ಜೋಮು ಹಿಡಿದರೆ, ಉಳಿಸಿಕೊಳ್ಳಲು ಇರುವುದು ಕೆಲವೇ ಗಂಟೆ. ಅಂಥ ಕಾಲಿಗೆ ಬಿಸಿನೀರಿನ ಶಾಖ ಕೊಡುವುದು, ಬಿಗಿ ಸಾಕ್ಸ್ ಹಾಕುವುದು ಎರಡೂ ಅಪಾಯಕಾರಿ.

ಆರೋಗ್ಯ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟೇ. ತಾಲ್ಲೂಕು ಆಸ್ಪತ್ರೆಗಳ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್ಕುಗಳಲ್ಲಿ ಬಿ.ಪಿ., ಶುಗರ್ ನೋಡುವಾಗಲೇ 50 ದಾಟಿದ ಸಕ್ಕರೆ ಕಾಯಿಲೆಯವರ ಮತ್ತು ಬೀಡಿ, ಸಿಗರೇಟು ಸೇದುವವರ ಚಪ್ಪಲಿ ಬಿಚ್ಚಿಸಿ ಪಾದದ ನಾಡಿಯನ್ನೂ ಮುಟ್ಟಿ ನೋಡುವ ಪದ್ಧತಿ ಬರಲಿ, ಮತ್ತು ಅನುಮಾನ ಬಂದವರಿಗೆ ಅಲ್ಲೇ ಅಳೆದು ನೋಡಲು ಒಂದು ಕೈ ಡಾಪ್ಲರ್ ಯಂತ್ರವನ್ನು ಒದಗಿಸಲಿ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕ, ಅರಸೀಕೆರೆ ತಾಲ್ಲೂಕು