ಎಂಟನೇ ತರಗತಿಗೆ ಬಂದವರಿಗೆ ವೇದಿಕೆಯ ಪರಿಚಯ ಸಾಲದು

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಮುಗಿದು ಶಾಲೆಗಳ ಬಾಗಿಲು ತೆರೆಯುತ್ತಲೇ ಸರ್ಕಾರಿ ಪ್ರೌಢಶಾಲೆಗಳಲ್ಲಿ ಪ್ರಾರಂಭೋತ್ಸವ ನಡೆಯುತ್ತದೆ. ತಳಿರು ತೋರಣ, ಕೈಗೊಂದು ಹೂ, ಊಟಕ್ಕೆ ಪಾಯಸ. ಇದೆಲ್ಲ ಇರಲೇಬೇಕು. ನನ್ನ ತಕರಾರಿರುವುದು ಅದೇ ವೇದಿಕೆಯ ಮೇಲೆ ಅವಸರದಲ್ಲಿ ಮುಗಿಯುವ ‘ಸಿಬ್ಬಂದಿ ಪರಿಚಯ’ದ ಬಗ್ಗೆ. ಪ್ರಾಸ್ತಾವಿಕ ನುಡಿ, ಅತಿಥಿಗಳ ಭಾಷಣ, ಸನ್ಮಾನ ಎಲ್ಲ ಆಗುವಷ್ಟರಲ್ಲಿ ಬಿಸಿಯೂಟದ ಹೊತ್ತಾಗಿರುತ್ತದೆ. ಶಿಕ್ಷಕರು ಸಾಲಾಗಿ ನಿಂತು ಹೆಸರು, ವಿಷಯ ಹೇಳಿ ಕೈಮುಗಿದು ಇಳಿದುಬಿಡುತ್ತಾರೆ. ಹಿಂದಿನ ಸಾಲಿನಲ್ಲಿ ಕುಳಿತ ಹೊಸ ಮಗುವಿಗೆ ಮಾರನೆಯ ದಿನ ಒಂದು ಹೆಸರೂ ನೆನಪಿರುವುದಿಲ್ಲ.

ಏಳನೇ ತರಗತಿವರೆಗೆ ಆ ಮಗು ಓದಿದ್ದು ಊರಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಅಲ್ಲಿ ಒಬ್ಬರೇ ಶಿಕ್ಷಕರು ಎರಡು ಮೂರು ವಿಷಯ ಕಲಿಸುತ್ತಾರೆ, ಮಕ್ಕಳ ಮನೆಯೂ ಅವರಿಗೆ ಗೊತ್ತಿರುತ್ತದೆ. ಪ್ರೌಢಶಾಲೆಯಲ್ಲಿ ಬೆಲ್ ಹೊಡೆದಂತೆಲ್ಲ ಮುಖ ಬದಲಾಗುತ್ತದೆ. ಮೂರು ಭಾಷೆಗೆ ಮೂವರು, ಸಮಾಜ ವಿಜ್ಞಾನಕ್ಕೆ ಒಬ್ಬರು, ದೈಹಿಕ ಶಿಕ್ಷಣಕ್ಕೆ ಇನ್ನೊಬ್ಬರು. ವಿಜ್ಞಾನ ಪುಸ್ತಕ ಒಂದೇ ಆದರೂ ಅನೇಕ ಶಾಲೆಗಳಲ್ಲಿ ಭೌತ ಮತ್ತು ರಸಾಯನ ವಿಜ್ಞಾನದ ಪಾಠಗಳನ್ನು ಗಣಿತದ ಪಿಸಿಎಂ (ಪದವಿಯಲ್ಲಿ ಭೌತ, ರಸಾಯನ, ಗಣಿತ ಓದಿದ) ಶಿಕ್ಷಕರು ಮಾಡಿದರೆ, ಜೀವ ವಿಜ್ಞಾನವನ್ನು ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿ ವಿಜ್ಞಾನ ಓದಿದ) ಶಿಕ್ಷಕರು ಮಾಡುತ್ತಾರೆ. ಇದನ್ನು ಯಾರೂ ಮಕ್ಕಳಿಗೆ ಬಿಡಿಸಿ ಹೇಳುವುದಿಲ್ಲ. ಆದ್ದರಿಂದ ಜೂನ್ ಪೂರ್ತಿ ಯಾರ ಪೀರಿಯಡ್‌ಗೆ ಯಾವ ನೋಟ್‌ಬುಕ್ ತೆಗೆಯಬೇಕೆಂಬ ಗೊಂದಲ, ಬೈಸಿಕೊಳ್ಳುವುದು, ಆಮೇಲೆ ಬಾಯಿ ಬಿಗಿದು ಕೂರುವುದು. ಹಿಂದಿನ ತರಗತಿಗಳ ಕಲಿಕೆಯನ್ನು ಗಟ್ಟಿಮಾಡಲು ವರ್ಷದ ಆರಂಭದಲ್ಲಿ ನಡೆಸುವ ಸೇತುಬಂಧದ ಪೂರ್ವ ಪರೀಕ್ಷೆಯಲ್ಲಿ ಇಂಥ ಮಕ್ಕಳ ಹಾಳೆ ಖಾಲಿ ಇದ್ದರೆ ಅದನ್ನು ಪೂರ್ತಿ ಕಲಿಕೆಯ ಕೊರತೆ ಎಂದು ಬರೆದುಕೊಳ್ಳುವುದು ತಪ್ಪು. ಅದರಲ್ಲಿ ಅಪರಿಚಿತರ ಮುಂದಿನ ಅಂಜಿಕೆಯೂ ಸೇರಿರುತ್ತದೆ.

ಪರಿಚಯವನ್ನು ವೇದಿಕೆಯಿಂದ ತರಗತಿಗೆ ಇಳಿಸಿದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ. ಮೊದಲ ದಿನ ಮುಖ್ಯ ಶಿಕ್ಷಕರು ಮತ್ತು ತರಗತಿ ಶಿಕ್ಷಕರು, ಇವರಿಬ್ಬರು ಮಾತ್ರ ಸಾಕು. ಉಳಿದವರು ದಿನಕ್ಕೆ ಇಬ್ಬರಂತೆ, ತಮ್ಮ ಮೊದಲ ಪೀರಿಯಡ್ಡನ್ನು ಪಾಠಕ್ಕೆ ಬಳಸದೆ ಬರಲಿ. ಹೆಸರನ್ನು ಕಪ್ಪುಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆಯಲಿ. ಎಷ್ಟು ನೋಟ್‌ಬುಕ್ ಬೇಕು, ಅದರಲ್ಲಿ ಗೆರೆಯದ್ದು ಎಷ್ಟು, ಗೆರೆಯಿಲ್ಲದ್ದು ಎಷ್ಟು, ಮನೆಗೆಲಸವನ್ನು ಯಾವ ವಾರ ನೋಡುತ್ತೇನೆ, ಅನುಮಾನ ಬಂದರೆ ಯಾವ ಹೊತ್ತಿನಲ್ಲಿ ಎಲ್ಲಿ ಸಿಗುತ್ತೇನೆ ಎಂದು ಹೇಳಲಿ. ಪದವಿ, ಸೇವಾವಧಿ, ಪ್ರಶಸ್ತಿಗಳ ವಿವರ ಮಕ್ಕಳಿಗೆ ಬೇಕಿಲ್ಲ. ಕೊನೆಯ ಹದಿನೈದು ನಿಮಿಷ ಮಕ್ಕಳ ಸರದಿ: ಹೆಸರು, ಊರು, ಶಾಲೆಗೆ ಹೇಗೆ ಬರುತ್ತಾರೆ. ಬಸ್ಸಿಗೆ ಬರುವವರು ಯಾರು, ನಡೆದು ಬರುವವರು ಯಾರು ಎಂಬುದು ತರಗತಿ ಶಿಕ್ಷಕರ ಪುಸ್ತಕದಲ್ಲಿ ಮೊದಲ ವಾರವೇ ದಾಖಲಾಗಬೇಕು. ಇಲ್ಲವಾದರೆ ಊರಿಗೆ ಇರುವ ಒಂದೇ ಬಸ್ಸು ತಡವಾಗಿ ಬಂದದ್ದಕ್ಕೆ ಮಗು ಬಾಗಿಲ ಹೊರಗೆ ನಿಲ್ಲಬೇಕಾಗುತ್ತದೆ.

ಬೋಧಕೇತರರನ್ನು ಪರಿಚಯದಿಂದ ಹೊರಗಿಡುವುದು ನನಗೆ ಅತ್ಯಂತ ಬೇಸರ ತರಿಸುವ ಸಂಗತಿ. ಅಡುಗೆ ಸಿಬ್ಬಂದಿಯನ್ನು ಮಕ್ಕಳು ದಿನವೂ ನೋಡುತ್ತಾರೆ, ಹೆಸರು ಮಾತ್ರ ತಿಳಿಯದು. ಅಡುಗೆ ಕೋಣೆಯ ಮುಂದೆಯೇ ಅವರ ಪರಿಚಯವಾಗಲಿ. ಮೊಟ್ಟೆ ತಿನ್ನುವವರು, ಬಾಳೆಹಣ್ಣು ಬೇಕೆನ್ನುವವರು ಯಾರೆಂದು ಅಲ್ಲೇ ಬರೆದುಕೊಳ್ಳಬಹುದು. ಹೆಣ್ಣುಮಕ್ಕಳನ್ನು ಪ್ರತ್ಯೇಕವಾಗಿ ಕೂರಿಸಿ, ಸರ್ಕಾರ ಉಚಿತವಾಗಿ ಕೊಡುವ ಶುಚಿ ಯೋಜನೆಯ ಸ್ಯಾನಿಟರಿ ನ್ಯಾಪ್ಕಿನ್ ಯಾವ ಶಿಕ್ಷಕಿಯ ಬಳಿ ಇದೆ, ಅವರು ರಜೆಯಲ್ಲಿದ್ದರೆ ಬೀಗದ ಕೈ ಯಾರಲ್ಲಿರುತ್ತದೆ ಎಂಬುದನ್ನು ಮೊದಲ ದಿನವೇ ಹೇಳಬೇಕು. ಇದು ತಿಳಿಯದೆ ಹುಡುಗಿಯರು ತಿಂಗಳಲ್ಲಿ ಒಂದೆರಡು ದಿನ ಮನೆಯಲ್ಲೇ ಉಳಿಯುತ್ತಾರೆ, ಹಾಜರಿ ಪುಸ್ತಕದಲ್ಲಿ ಕಾರಣ ಕಾಣುವುದಿಲ್ಲ. ದೂರು ಹೇಳಿಕೊಳ್ಳಲು ಶಾಲೆಯೊಳಗೆ ಯಾರಿದ್ದಾರೆ, ಅವರಿಂದ ಆಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಹಣ ಖರ್ಚಾಗದೆ ಕರೆ ಮಾಡಬಹುದು ಎಂಬುದೂ ಆ ದಿನವೇ ತಿಳಿಯಲಿ.

ಕಚೇರಿಯ ಗುಮಾಸ್ತರ ಪರಿಚಯ ಆಗಬೇಕಾದದ್ದು ಮಕ್ಕಳಿಗಿಂತ ಹೆಚ್ಚಾಗಿ ಪೋಷಕರಿಗೆ. ಹಿಂದಿನ ಶಾಲೆ, ಇಲಾಖೆಯು ವಿದ್ಯಾರ್ಥಿಗಳ ದಾಖಲೆ ಇಡುವ ಸ್ಯಾಟ್ಸ್ ತಂತ್ರಾಂಶದಲ್ಲಿ ವರ್ಗಾವಣೆ ಪತ್ರ ಕೊಡದಿದ್ದರೆ ಹೊಸ ಶಾಲೆಯ ಪಟ್ಟಿಗೆ ಮಗುವಿನ ಹೆಸರು ಏರುವುದಿಲ್ಲ; ಮಗು ತರಗತಿಯಲ್ಲಿ ಕುಳಿತಿರುತ್ತದೆ, ದಾಖಲೆಯಲ್ಲಿ ಇರುವುದಿಲ್ಲ. ಆಧಾರ್‌ನಲ್ಲಿ ಒಂದು ಹೆಸರು, ವರ್ಗಾವಣೆ ಪತ್ರದಲ್ಲಿ ಇನ್ನೊಂದು, ಇನಿಷಿಯಲ್ ಮುಂದೊಮ್ಮೆ ಹಿಂದೊಮ್ಮೆ, ತಾಯಿಯ ಹೆಸರಲ್ಲಿ ಒಂದು ಅಕ್ಷರ ಕಡಿಮೆ: ಇವು ವಿದ್ಯಾರ್ಥಿ ವೇತನದ ಅರ್ಜಿ ಹಾಕುವಾಗ ಅಡ್ಡ ಬರುತ್ತವೆ. ಇದೇ ತಪ್ಪು ಹತ್ತನೇ ತರಗತಿಯ ಪರೀಕ್ಷಾ ನೋಂದಣಿಗೂ ಸಾಗಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಚ್ಚಾದ ಮೇಲೆ ತಿದ್ದಿಸುವುದೆಂದರೆ ವರ್ಷಗಟ್ಟಲೆ ಓಡಾಟ. ಆದ್ದರಿಂದ ಮೊದಲ ಪೋಷಕರ ಸಭೆಯಲ್ಲಿ ಪ್ರತಿ ಮಗುವಿನ ಹೆಸರು, ಜನ್ಮ ದಿನಾಂಕ, ತಂದೆ ತಾಯಿಯ ಹೆಸರನ್ನು ದಾಖಲಾತಿ ಪುಸ್ತಕದಿಂದ ಓದಿ ಹೇಳಿ, ಒಪ್ಪಿಗೆಯ ಸಹಿ ಪಡೆಯಬೇಕು. ಓದು ಬಾರದ ಪೋಷಕರಿರುತ್ತಾರೆ, ಹಾಳೆ ಕೈಗಿಟ್ಟು ಸಹಿ ಹಾಕಿಸಿಕೊಂಡರೆ ಏನೂ ಸಾಧಿಸಿದಂತಾಗದು. ಪ್ರಥಮ, ದ್ವಿತೀಯ, ತೃತೀಯ ಭಾಷೆಯ ಆಯ್ಕೆಯನ್ನೂ ಅಲ್ಲೇ ಖಚಿತಪಡಿಸಿಕೊಳ್ಳಲಿ. ಪ್ರಥಮ ಭಾಷೆಯಾಗಿ ಕನ್ನಡ ಬಿಟ್ಟು ಸಂಸ್ಕೃತ ತೆಗೆದುಕೊಳ್ಳುವ ಅವಕಾಶವಿರುವ ಶಾಲೆಗಳಲ್ಲಂತೂ ಅಂಕದ ಆಸೆಯೊಂದನ್ನೇ ಮುಂದಿಟ್ಟು ಮಕ್ಕಳನ್ನು ಅತ್ತ ತಳ್ಳಬಾರದು.

ಇನ್ನೊಂದು ಕೊರತೆ ಪ್ರತಿ ವರ್ಷವೂ ಕಣ್ಣಿಗೆ ಬೀಳುತ್ತದೆ. ಖಾಲಿ ಹುದ್ದೆಗಳಿಗೆ ಅತಿಥಿ ಶಿಕ್ಷಕರು ಬರುವುದು ಪ್ರಾರಂಭೋತ್ಸವ ಮುಗಿದ ಮೇಲೆ. ವರ್ಗಾವಣೆಯಿಂದ ಬರುವವರದೂ ಹಲವು ಸಲ ಅದೇ ಕಥೆ. ಅವರಿಗೆ ವೇದಿಕೆಯೂ ಇಲ್ಲ, ಪರಿಚಯವೂ ಇಲ್ಲ. ಮಕ್ಕಳ ಬಾಯಲ್ಲಿ ಅವರು ವರ್ಷವಿಡೀ ‘ಹೊಸ ಸರ್’, ‘ಹೊಸ ಮೇಡಂ’. ಕಡಿಮೆ ಗೌರವಧನಕ್ಕೆ ಪೂರ್ಣ ಪಾಠ ಮಾಡುವವರಿಗೆ ಇದು ನ್ಯಾಯವಲ್ಲ, ತರಗತಿಯಲ್ಲಿ ಅವರ ಮಾತಿಗೆ ತೂಕವೂ ಬರುವುದಿಲ್ಲ. ಯಾರೇ ಬಂದರೂ ಮರುದಿನದ ಬೆಳಗಿನ ಪ್ರಾರ್ಥನೆಯಲ್ಲಿ ಮುಖ್ಯ ಶಿಕ್ಷಕರೇ ಅವರನ್ನು ಪರಿಚಯಿಸಿ, ಸ್ಟಾಫ್ ರೂಮ್ ಬಾಗಿಲ ಪಕ್ಕದ ಹಲಗೆಯಲ್ಲಿ ಅವರ ಹೆಸರು, ವಿಷಯವನ್ನು ಅಂದೇ ಬರೆಸಬೇಕು. ತಡವಾಗಿ ದಾಖಲಾದ ಮಕ್ಕಳಿಗೆ ಅದೇ ಊರಿನ ಒಂಬತ್ತನೇ ತರಗತಿಯ ವಿದ್ಯಾರ್ಥಿಯೊಬ್ಬರನ್ನು ಜೊತೆ ಮಾಡಿ, ಕುಡಿಯುವ ನೀರು, ಶೌಚಾಲಯ, ಗ್ರಂಥಾಲಯ, ಪ್ರಯೋಗಾಲಯ ತೋರಿಸಿ ಬರಲು ಒಂದು ಪೀರಿಯಡ್ ಬಿಟ್ಟುಕೊಟ್ಟರೆ ಸಾಕು.

ಇದಕ್ಕೆ ಹೊಸ ಅನುದಾನ ಬೇಕಿಲ್ಲ, ಮೊದಲ ವಾರದ ವೇಳಾಪಟ್ಟಿಯಲ್ಲಿ ಜಾಗ ಬೇಕು. ಶಾಲಾ ಶಿಕ್ಷಣ ಇಲಾಖೆಯು ಪ್ರಾರಂಭೋತ್ಸವದ ಸುತ್ತೋಲೆಯಲ್ಲಿ ಎಂಟನೇ ತರಗತಿಗೆ ಆ ವಾರ ದಿನಕ್ಕೆರಡು ಪರಿಚಯ ಪೀರಿಯಡ್‌ಗಳನ್ನು ಸ್ಪಷ್ಟವಾಗಿ ನಮೂದಿಸಲಿ, ವೇದಿಕೆ ಕಾರ್ಯಕ್ರಮಕ್ಕೆ ಒಂದು ಗಂಟೆಯ ಮಿತಿ ಹಾಕಲಿ ಎಂದು ವಿನಂತಿ.

– ನಿವೃತ್ತ ಪ್ರೌಢಶಾಲಾ ಶಿಕ್ಷಕ, ಹಾಸನ ಜಿಲ್ಲೆ