ಭಾನುವಾರದ ಓದು: ಕ್ಯಾಮ್‌ಕೆ-2 ಕಿಣ್ವ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ನಮ್ಮ ಆನ್‌ಲೈನ್ ಭೇಟಿ 10ಕ್ಕಲ್ಲ, 11 ಗಂಟೆಗೆ. ಲಿಂಕ್ ಹಳೆಯದೇ. ನರವಿಜ್ಞಾನ ಪೇಪರ್ ತಗೊಂಡವರು ತಪ್ಪಿಸಬೇಡಿ, ಉಳಿದವರೂ ಬರಬಹುದು.

ಬರುವ ಮುಂಚೆ ಇಷ್ಟು ತಲೆಯಲ್ಲಿರಲಿ. ನರಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿದಾಗ ಅದು ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನ್‌ಗೆ ಅಂಟುತ್ತದೆ, ಆ ಜೋಡಿ ಹೋಗಿ ಕ್ಯಾಮ್‌ಕೆ-2 ಅನ್ನು ಎಬ್ಬಿಸುತ್ತದೆ. ಈ ಕಿಣ್ವದಲ್ಲಿ ಸಾಮಾನ್ಯವಾಗಿ 12 ಘಟಕಗಳು ಉಂಗುರದ ಹಾಗೆ ಕೂತಿರುತ್ತವೆ. ಮಜಾ ಇರುವುದು ಇಲ್ಲೇ: ಎಚ್ಚರವಾದ ಒಂದು ಘಟಕ ಪಕ್ಕದ್ದಕ್ಕೆ 286ನೇ ಸ್ಥಾನದ ಥ್ರಿಯೊನೀನ್ (ಒಂದು ಅಮೈನೋ ಆಮ್ಲ) ಮೇಲೆ ಫಾಸ್ಫೇಟ್ ಹಚ್ಚಿಬಿಡುತ್ತದೆ, ಆಮೇಲೆ ಕ್ಯಾಲ್ಸಿಯಂ ಇಳಿದರೂ ಕೆಲಸ ಸ್ವಲ್ಪ ಹೊತ್ತು ನಡೆದೇ ಇರುತ್ತದೆ. ಇದರಿಂದ ಆಂಪಾ ಗ್ರಾಹಕಗಳು (ಪಕ್ಕದ ನರಕೋಶದ ಸಂಕೇತ ಹಿಡಿಯುವ ಪ್ರೋಟೀನ್‌ಗಳು) ಸಿನಾಪ್ಸ್‌ನಲ್ಲಿ, ಅಂದರೆ ಎರಡು ನರಕೋಶ ಸಂಧಿಸುವ ಜಾಗದಲ್ಲಿ, ಜಾಸ್ತಿಯಾಗಿ ಸಂಪರ್ಕ ಗಟ್ಟಿಯಾಗುತ್ತದೆ. ಕಲಿಕೆಗೆ ಇದು ಬೇಕೇ ಬೇಕು. ಈ ಕಿಣ್ವದ ಜೀನ್‌ಗಳಲ್ಲಿನ ಬದಲಾವಣೆಗಳಿಂದ ಮನುಷ್ಯರಲ್ಲಿ ಬೌದ್ಧಿಕ ಬೆಳವಣಿಗೆಯ ತೊಂದರೆ ಬರುತ್ತದೆ ಅಂತ 2017ರಲ್ಲಿ ವರದಿಯಾಗಿದೆ.

ಮೊದಲು ಪಿನ್ ಮಾಡಿದ ಚಿತ್ರ ನೋಡಿ, ಆಮೇಲೆ ಉಂಗುರವನ್ನು ಕೈಯಲ್ಲೇ ಬರೆದು ಫೋಟೋ ಹಾಕಿ (ನನ್ನದು ಕೋಡುಬಳೆ ಥರ ಬಂದಿದೆ, ನಗಬೇಡಿ). ಒಬ್ಬೊಬ್ಬರು ಒಂದಾದರೂ ಪ್ರಶ್ನೆ ತನ್ನಿ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ "ಬರ್ತೀನಿ" ಅಂತ ಹಾಕಿ, ಸುಮ್ನೆ ಹೆಬ್ಬೆರಳು ಒತ್ತಿದರೆ ಲೆಕ್ಕ ಸಿಗಲ್ಲ.